ಬಿಸಿಲಿಗೆ ಬೆಂದ ಬಾಗಿಲು, ಕಂಬ, ಮಾಳಿಗೆಯ ಡೆಕ್: ಮನೆಯಲ್ಲೇ ಮರುಪಾಲಿಶ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಹೊರಗಿನ ಕಟ್ಟಿಗೆ ಎಂದರೆ ಬಹುತೇಕ ಸಾಗವಾನಿ ತಲೆಬಾಗಿಲು, ಬೇವಿನ ಅಥವಾ ಜಾಲಿಯ ಚೌಕಟ್ಟು, ಪಡಸಾಲೆಯ ಕಂಬ, ಜೋಕಾಲಿ. ಇತ್ತೀಚೆಗೆ ಮಾಳಿಗೆಯ ಮೇಲೆ ಕಟ್ಟಿಗೆ ಹಲಗೆಯ ಡೆಕ್ ಹಾಕಿಸಿದವರೂ ಇದ್ದಾರೆ. ಡೆಕ್ಕಿನ ಪ್ರಶ್ನೆ ಕೊನೆಯ ಕಡೆ ಇದೆ. ಆದರೆ ಮೊದಲಿನ ಉತ್ತರಗಳನ್ನು ಓದದೆ ಅಲ್ಲಿಗೆ ಹಾರಬೇಡಿ, ಕಟ್ಟಿಗೆ ಕೆಡುವ ಕಾರಣ ಎರಡಕ್ಕೂ ಒಂದೇ.

ಮೂರು ವರ್ಷದ ಹಿಂದಷ್ಟೇ ಪಾಲಿಶ್ ಮಾಡಿಸಿದ್ವಿ. ಈಗಾಗ್ಲೇ ಸಿಪ್ಪಿ ಏಳ್ಲಾಕತ್ತದ. ಮಾಲು ಖರಾಬ್ ಇತ್ತೇನ್ರಿ?

ಇರಬಹುದು, ಆದರೆ ಮೊದಲ ಅನುಮಾನ ಬಿಸಿಲಿನ ಮೇಲಿರಲಿ. ನಮ್ಮ ಕಡೆ ಕಟ್ಟಿಗೆಗೆ ಮಳೆಗಿಂತ ಬಿಸಿಲೇ ದೊಡ್ಡ ವೈರಿ. ಕಟ್ಟಿಗೆಯ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟಿನಂಥ ವಸ್ತು ಲಿಗ್ನಿನ್. ಬಿಸಿಲಿನ ನೇರಳಾತೀತ ಕಿರಣ ಅದನ್ನೇ ಒಡೆಯುತ್ತದೆ. ಬಣ್ಣವಿಲ್ಲದ, ಗಾಜಿನಂತೆ ಹೊಳೆಯುವ ಕ್ಲಿಯರ್ ಕೋಟ್ ಈ ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ಪದರ ಮೇಲೆ ಚೆನ್ನಾಗಿಯೇ ಇರುತ್ತದೆ, ಅದರ ಕೆಳಗಿನ ಕಟ್ಟಿಗೆಯ ಮೈ ಸಡಿಲವಾಗಿ ಹಿಡಿತ ಬಿಡುತ್ತದೆ. ಉಗುರಿನಿಂದ ಒಂದು ಸಿಪ್ಪೆ ಎಬ್ಬಿಸಿ ಹಿಂದೆ ತಿರುಗಿಸಿ ನೋಡಿ: ಅದರ ಒಳಮೈಗೆ ಕಂದು ಬಣ್ಣದ ಸಣ್ಣ ನಾರು ಅಂಟಿಕೊಂಡಿದ್ದರೆ ಸೋತದ್ದು ಕಟ್ಟಿಗೆ. ಸಿಪ್ಪೆಯ ಹಿಂಬದಿ ನುಣ್ಣಗೆ, ಸ್ವಚ್ಛವಾಗಿದ್ದರೆ ತಪ್ಪು ಕೆಲಸದ್ದು. ಧೂಳು ಒರೆಸದೆ ಅಥವಾ ಸಾಗವಾನಿಯ ಎಣ್ಣೆಯಂಶ ತೆಗೆಯದೆ ಹಚ್ಚಿದ್ದಾರೆ.

ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪಡುವಣದ ಬಾಗಿಲಿಗೆ ಮಧ್ಯಾಹ್ನದ ಕಾದ ಬಿಸಿಲು ನೇರ ಬಡಿಯುತ್ತದೆ, ಅದೇ ಎಲ್ಲಕ್ಕಿಂತ ಬೇಗ ಕೆಡುವುದು. ತೆಂಕಣದ ಬಾಗಿಲಿಗೆ ಬೇಸಿಗೆಯಲ್ಲಿ ಅಷ್ಟು ತೊಂದರೆಯಿಲ್ಲ, ಸೂರ್ಯ ನೆತ್ತಿಯ ಮೇಲಿರುತ್ತಾನೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಓರೆ ಬಿಸಿಲು ಒಳಗೆ ಬರುತ್ತದೆ. ಬಡಗಣದ ಬಾಗಿಲು ಸುಖವಾಗಿರುತ್ತದೆ. ಬೀದರ್ ಕೋಟೆಯ ರಂಗೀನ್ ಮಹಲಿನ ಕೆತ್ತನೆಯ ಕಂಬ ತೋರಿಸಿ "ಅದ್ಯಾಕ ಹಾಳಾಗಿಲ್ಲ?" ಎನ್ನುವವರಿಗೆ ಒಂದೇ ಮಾತು: ಆ ಕಂಬಗಳು ಸೂರಿನಡಿ ಇವೆ, ನಿಮ್ಮ ಬಾಗಿಲು ರಸ್ತೆಗೆ ಮುಖ ಕೊಟ್ಟು ನಿಂತಿದೆ.

ಪೂರಾ ಕೆರೀಬೇಕೋ, ಮ್ಯಾಲೆ ಇನ್ನೊಂದು ಕೋಟ್ ಹೊಡದ್ರ ನಡೀತದೋ?

ಮೂರು ಪರೀಕ್ಷೆ ಮಾಡಿ, ಹತ್ತು ನಿಮಿಷದ ಕೆಲಸ.

ಬಾಗಿಲಿನ ಕೆಳಭಾಗದ ಮೇಲೆ ನೀರು ಚಿಮುಕಿಸಿ. ಹನಿ ಮಣಿಯಂತೆ ನಿಂತರೆ ಪದರ ಜೀವಂತವಿದೆ. ಐದು ನಿಮಿಷದಲ್ಲಿ ಹೀರಿ ಕಟ್ಟಿಗೆ ಕಪ್ಪಾದರೆ ಇಲ್ಲ. ಬ್ಲೇಡಿನಿಂದ ಸಣ್ಣ ಅಡ್ಡ-ಉದ್ದ ಗೆರೆ ಕೊಯ್ದು, ಮೇಲೆ ಅಂಟುಪಟ್ಟಿ ಒತ್ತಿ ಜೋರಾಗಿ ಎಳೆಯಿರಿ. ಪಟ್ಟಿಯ ಜೊತೆ ಚೂರು ಬಂದರೆ ಪೂರ್ತಿ ಕೆರೆಯಲೇಬೇಕು. ಮೂರನೆಯದು ಹಳೆಯ ಪಾಲಿಶ್ ಯಾವುದೆಂದು ಗುರುತಿಸುವುದು: ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಾಗ ಅಂಟಂಟಾದರೆ ಅದು ಚಪಡಾ, ಅಂದರೆ ಅರಗಿನ ಪಾಲಿಶ್. ಸ್ಪಿರಿಟ್‌ಗೆ ಬಗ್ಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು (ಪಾಲಿಯುರೆಥೇನ್), ಮೆಲಮೈನ್ ಅಥವಾ ಎಣ್ಣೆ ವಾರ್ನಿಶ್.

ಪದರ ಗಟ್ಟಿಯಿದ್ದು ಬರೀ ಹೊಳಪು ಹೋಗಿದ್ದರೆ 220 ನಂಬರಿನ ಉಜ್ಜುವ ಕಾಗದದಿಂದ (ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು) ಮೇಲ್ಮೈಯನ್ನು ಮಬ್ಬಾಗುವಷ್ಟು ಉಜ್ಜಿ, ಒರೆಸಿ, ಒಂದು ಕೋಟ್ ಹಾಕಿದರೆ ಸಾಕು. ಹೊಳೆಯುವ ಮೈಮೇಲೆ ಹಾಗೇ ಹಚ್ಚಿದ್ದು ನಿಲ್ಲುವುದಿಲ್ಲ. ಹೊಸ ಪದರಕ್ಕೆ ಹಿಡಿಯಲು ಗೀರು ಬೇಕು.

ಯಾವ ತಿಂಗಳ ಛಲೋ?

ನವೆಂಬರ್‌ನಿಂದ ಫೆಬ್ರವರಿ. ಗಾಳಿ ಒಣಗಿರುತ್ತದೆ, ಕಟ್ಟಿಗೆಯೂ ಒಣಗಿರುತ್ತದೆ, ಪದರ ಹರಡಿಕೊಳ್ಳಲು ಸಮಯ ಸಿಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮೇಲೆ ಮೇಲ್ಪದರ ಒಣಗಿ ಒಳಗಿನ ಥಿನ್ನರ್ ಸಿಕ್ಕಿಬೀಳುತ್ತದೆ, ಗುಳ್ಳೆ ಏಳುತ್ತವೆ. ಅನಿವಾರ್ಯವಿದ್ದರೆ ಬೆಳಿಗ್ಗೆ 6ರಿಂದ 9ರೊಳಗೆ ಮುಗಿಸಿ. ಅಂಗೈಯನ್ನು ಹಲಗೆಯ ಮೇಲಿಟ್ಟು ನೋಡಿ. ಬಿಸಿ ಹತ್ತಿದರೆ ಅಂದಿಗೆ ಬ್ರಷ್ ಎತ್ತಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಚಪಡಾ ಮತ್ತು ಎನ್‌ಸಿ ಲ್ಯಾಕರ್ ತೇವದ ಗಾಳಿಯಲ್ಲಿ ಹಾಲಿನಂತೆ ಬೆಳ್ಳಗಾಗುತ್ತವೆ.

ಒಂದು ತಕರಾರು ಮಾತ್ರ ಇದೆ. ಡಿಸೆಂಬರ್-ಜನವರಿ ತೊಗರಿ ರಾಶಿಯ ಕಾಲ. ಕಣ ಹತ್ತಿರವಿದ್ದರೆ ಹೊಟ್ಟಿನ ಧೂಳು ಹಸಿ ಪಾಲಿಶಿನ ಮೇಲೆ ಕೂರುತ್ತದೆ. ಅಂಥ ಊರಲ್ಲಿ ಫೆಬ್ರವರಿಗೆ ಇಟ್ಟುಕೊಳ್ಳಿ. ಬೀದರ್‌ನ ಕೆಂಪು ಮಣ್ಣಿನ ಧೂಳು, ಸೇಡಂ-ವಾಡಿ ಕಡೆಯ ಸಿಮೆಂಟ್ ಧೂಳು, ಶಹಾಬಾದ್ ಫರ್ಸಿ (ನೆಲಹಾಸಿನ ಕಲ್ಲು) ಕೊರೆಯುವಲ್ಲಿನ ಬಿಳಿ ಧೂಳು: ಎಲ್ಲಕ್ಕೂ ಉಪಾಯ ಒಂದೇ. ಹಚ್ಚುವ ಅರ್ಧ ಗಂಟೆ ಮೊದಲು ಸುತ್ತಲಿನ ನೆಲಕ್ಕೆ ನೀರು ಹೊಡೆಯಿರಿ, ಬಾಗಿಲಿಗಲ್ಲ.

ಏಳು ಅಡಿ ಬಾಗಿಲಿಗೆ ಎಷ್ಟು ಸಾಮಾನು ಬೇಕಾಗ್ತದ್ರಿ?

7 × 3.5 ಅಡಿ ಬಾಗಿಲಿನ ಒಂದು ಮೈ 24.5 ಚದರ ಅಡಿ, ಎರಡೂ ಮೈ 49. ಅಂಚುಗಳು ಸುಮಾರು 3, ಹೊಸ್ತಿಲು ಸೇರಿ ಚೌಕಟ್ಟು 18ರ ಹತ್ತಿರ. ಒಟ್ಟು 70. ಕೆತ್ತನೆಯ ಪ್ಯಾನೆಲ್ ಇದ್ದರೆ 80 ಎಂದು ಹಿಡಿಯಿರಿ. ಒಂದು ಲೀಟರ್ ಪಿಯು ಅಥವಾ ವಾರ್ನಿಶ್ ಒಂದು ಕೋಟ್‌ಗೆ 80ರಿಂದ 100 ಚದರ ಅಡಿ ಬರುತ್ತದೆ. ಮೂರು ಕೋಟ್‌ಗೆ ಎರಡೂವರೆಯಿಂದ ಮೂರು ಲೀಟರ್. ಥಿನ್ನರ್ ಒಂದು ಲೀಟರ್, ಸ್ಪಿರಿಟ್ ಅರ್ಧ ಲೀಟರ್. ಉಜ್ಜುವ ಕಾಗದ 80ರದ್ದು ಎಂಟು ಹಾಳೆ, 120ರದ್ದು ಆರು, 180ರದ್ದು ನಾಲ್ಕು, 220ರದ್ದು ನಾಲ್ಕು. ಎರಡಿಂಚಿನ ಒಳ್ಳೆ ಬ್ರಷ್ ಒಂದು, ಕೆತ್ತನೆಗೆ ಒಂದಿಂಚಿನದು ಒಂದು. ಹತ್ತಿ ಬನಿಯನ್ ಬಟ್ಟೆ ಒಂದು ಕಿಲೋ, ಮಾಸ್ಕಿಂಗ್ ಟೇಪ್ ಎರಡು ಸುರುಳಿ, ಎನ್-95 ಮಾಸ್ಕ್, ರಬ್ಬರ್ ಕೈಗವಸು. ಸಾಗವಾನಿ ಧೂಳು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಬ್ರಷ್‌ನಲ್ಲಿ ಜುಗ್ಗತನ ಮಾಡಬೇಡಿ. ಕೂದಲು ಉದುರುವ ಬ್ರಷ್‌ನಿಂದ ಹಚ್ಚಿ ಆಮೇಲೆ ಚಿಮಟದಿಂದ ಒಂದೊಂದೇ ಕೂದಲು ತೆಗೆಯುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಅಜ್ಜನ ಕಾಲದ ಬಾಗಿಲು. ಮ್ಯಾಲೆ ಹಸಿರು ಆಯಿಲ್ ಪೇಂಟ್ ನಾಕೈದು ಪದರ ಅದ. ಮಶೀನ್ ಹಚ್ಚಿ ಉಜ್ಜಬಹುದಾ?

ಬೇಡ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಬಂದು, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇದೆಯೆಂದೇ ಹಿಡಿದು ಕೆಲಸ ಮಾಡಿ. ಒಣಗಿದ್ದನ್ನು ಮಶೀನಿಗೆ ಕೊಟ್ಟರೆ ಆ ಪುಡಿ ಅಂಗಳ, ಹಾಸಿಗೆ, ಮಕ್ಕಳ ಬಾಯಿಗೆ ಹೋಗುತ್ತದೆ. ಬ್ಲೋ ಲ್ಯಾಂಪ್ ಹಿಡಿದರೆ ಸೀಸದ ಹೊಗೆ.

ಬಾಗಿಲು ಬಿಚ್ಚಿ ಹೊರಗೆ ತಂದು ದಪ್ಪ ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಮಲಗಿಸಿ. ಪೇಂಟ್ ರಿಮೂವರ್ ದಪ್ಪಗೆ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ 15-20 ನಿಮಿಷ ಬಿಡಿ. ಹೊದಿಸದಿದ್ದರೆ ನಮ್ಮ ಬಿಸಿಲಿಗೆ ಐದು ನಿಮಿಷದಲ್ಲಿ ಆರಿಹೋಗುತ್ತದೆ. ಬಣ್ಣ ಸುಕ್ಕುಗಟ್ಟಿದ ಮೇಲೆ ಕೆರೆಯುವ ಪಟ್ಟಿಯಿಂದ ಎಳೆಯ, ಅಂದರೆ ನಾರು ಓಡುವ ದಿಕ್ಕಿನ, ಉದ್ದಕ್ಕೆ ತೆಗೆಯಿರಿ. ಉಳಿದದ್ದನ್ನು ನೀರಿನಲ್ಲಿ ನೆನೆಸಿ ಉಜ್ಜುವ ಕಾಗದದಿಂದ ಹಸಿಯಾಗಿಯೇ ಉಜ್ಜಿ. ಕಸ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಗರ್ಭಿಣಿಯರು, ಸಣ್ಣ ಮಕ್ಕಳು ಅಷ್ಟು ದಿನ ಆ ಕಡೆ ಸುಳಿಯದಿರಲಿ. ಕೆರೆದ ಚೂರನ್ನು ನೀರು ಕಾಸುವ ಒಲೆಗೆ ಹಾಕಬೇಡಿ.

ಕಾಸ್ಟಿಕ್ ಸೋಡಾ ಹಾಕಿದ್ರ ಒಂದೇ ತಾಸಿನ್ಯಾಗ ಬಣ್ಣ ಬಿಡ್ತದಂತಲ್ರಿ?

ಬಿಡುತ್ತದೆ, ಜೊತೆಗೆ ಸಾಗವಾನಿಯ ಬಣ್ಣವನ್ನೂ ಕೆಡಿಸುತ್ತದೆ. ಕ್ಷಾರ ತಾಗಿದರೆ ಸಾಗವಾನಿ ಕಪ್ಪಗಾಗಿ ನಾರು ಎದ್ದು ಮೈ ಉಣ್ಣೆಯಂತಾಗುತ್ತದೆ. ತೊಳೆದರೂ ಸಂದಿಯಲ್ಲಿ ಕ್ಷಾರ ಉಳಿದು ಆರು ತಿಂಗಳಿಗೆ ಹೊಸ ಪದರವನ್ನು ಕೆಳಗಿನಿಂದ ಎಬ್ಬಿಸುತ್ತದೆ. ಕಬ್ಬಿಣದ ಗ್ರಿಲ್ಲಿಗೆ ಬೇಕಾದರೆ ಬಳಸಿ, ಕಟ್ಟಿಗೆಗೆ ಬೇಡ.

ಉಜ್ಜೋದು ಹ್ಯಾಂಗ? ಎಷ್ಟು ನಂಬರಿಗೆ ನಿಲ್ಲಿಸಬೇಕು?

80, 120, 180. ನಡುವಿನ ನಂಬರ್ ಹಾರಿಸಿದರೆ 80ರ ಗೀರು 180ಕ್ಕೆ ಹೋಗುವುದಿಲ್ಲ. ಬರಿಗಣ್ಣಿಗೆ ಕಾಣದ ಗೀರು ಪಾಲಿಶ್ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಪ್ರತಿ ನಂಬರ್ ಮುಗಿದ ಮೇಲೆ ಥಿನ್ನರ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಬೆಳಕನ್ನು ಓರೆಯಾಗಿ ಹಿಡಿದು ನೋಡಿ, ಆಗ ಎಲ್ಲವೂ ಕಾಣುತ್ತದೆ. ಯಾವಾಗಲೂ ಎಳೆಯ ದಿಕ್ಕಿಗೆ ಉಜ್ಜಿ. ಚೌಕಟ್ಟಿನ ಮೂಲೆಯಲ್ಲಿ ನಿಂತ ಎಳೆ ಅಡ್ಡ ಎಳೆಗೆ ಸೇರುವ ಕಡೆ ಟೇಪ್ ಹಚ್ಚಿ ಒಂದೊಂದೇ ಬದಿ ಮುಗಿಸಿ.

ಬೂದುಬಣ್ಣಕ್ಕೆ ತಿರುಗಿದ ಮೈ ಪೂರ್ತಿ ಹೋಗಿ ಒಳಗಿನ ಜೇನುಬಣ್ಣ ಬರುವವರೆಗೆ 80ರಲ್ಲೇ ಇರಿ. ಬೂದುಪದರ ಎಂದರೆ ಸತ್ತ ಕಟ್ಟಿಗೆ. ಅದರ ಮೇಲೆ ಎಷ್ಟೇ ದುಬಾರಿ ಮಾಲು ಹಚ್ಚಿದರೂ ನಿಲ್ಲುವುದಿಲ್ಲ.

ಮಶೀನ್ ಬೇಕೆಂದರೆ ಐದಿಂಚಿನ ಆರ್ಬಿಟಲ್ ಸ್ಯಾಂಡರ್ ತನ್ನಿ. ಫರ್ಸಿ, ಕಬ್ಬಿಣ ಕೊರೆಯುವ ಗ್ರೈಂಡರ್‌ಗೇ ಸ್ಯಾಂಡಿಂಗ್ ಡಿಸ್ಕ್ ಸಿಕ್ಕಿಸುವ ರೂಢಿ ನಮ್ಮಲ್ಲಿದೆ. ಅದು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಕಟ್ಟಿಗೆಯನ್ನು ಸುಡುತ್ತದೆ, ಚಂದ್ರನಾಕಾರದ ತಗ್ಗು ಬೀಳಿಸುತ್ತದೆ. ಆ ತಗ್ಗು ಮುಚ್ಚುವ ಪಾಲಿಶ್ ಇಲ್ಲ.

ಹೊಸ್ತಿಲ ಮ್ಯಾಲೆ ಅರಿಶಿಣ, ಎಣ್ಣಿ ಜಿಡ್ಡು ಅದ. ಮೊಳಿ ಸುತ್ತ ಕಪ್ಪು ಕಲಿ ಬೇರೆ.

ಮೂರೂ ಬೇರೆ ಬೇರೆ ರೋಗ, ಮದ್ದೂ ಬೇರೆ.

ಅರಿಶಿನದ ಮೇಲೆ ಸಾಬೂನು ಅಥವಾ ವಾಷಿಂಗ್ ಸೋಡಾ ಹಾಕಿದರೆ ಹಳದಿ ಕಲೆ ಕಣ್ಣೆದುರೇ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಗಾಬರಿಯಾಗಬೇಡಿ, ನಿಂಬೆರಸ ಸವರಿದರೆ ಹಳದಿಗೆ ಮರಳುತ್ತದೆ. ಸ್ಪಿರಿಟ್‌ನಿಂದ ಮೂರು-ನಾಲ್ಕು ಸಲ, ಪ್ರತಿ ಸಲ ಹೊಸ ಬಟ್ಟೆಯಲ್ಲಿ ಒರೆಸಿ. ಉಳಿದ ಛಾಯೆಯನ್ನು ಎರಡು-ಮೂರು ದಿನದ ಬಿಸಿಲಿಗೆ ಬಿಡಿ. ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ. ಈ ಇಡೀ ಕೆಲಸದಲ್ಲಿ ಬಿಸಿಲು ನಮ್ಮ ಪರ ನಿಲ್ಲುವುದು ಇಲ್ಲಿ ಮಾತ್ರ.

ಎಣ್ಣೆ ಜಿಡ್ಡನ್ನು ಥಿನ್ನರ್‌ನಿಂದ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಕೆರೆಯಿರಿ. ಹತ್ತಾರು ವರ್ಷದ ದೀಪದೆಣ್ಣೆ ಕುಡಿದ ಹೊಸ್ತಿಲಿಗೆ ಎರಡು ಸಲ ಬೇಕಾಗಬಹುದು. ದೀಪ ಹಚ್ಚಿದ್ದರೆ ಥಿನ್ನರ್ ಡಬ್ಬಿ ಆ ಕಡೆ ತರಲೇಬೇಡಿ.

ಮೊಳೆಯ ಸುತ್ತಲಿನ ಕಪ್ಪು, ಕಬ್ಬಿಣವೂ ಕಟ್ಟಿಗೆಯ ಒಗರೂ ಸೇರಿ ಆದ ಮಸಿ. ಉಜ್ಜಿದರೆ ಹೋಗುವುದಿಲ್ಲ, ಆಳಕ್ಕೆ ಇಳಿದಿರುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ, ಕಲೆಗಷ್ಟೇ ಅಲ್ಲದೆ ಆ ಹಲಗೆಗೆ ಪೂರ್ತಿ ಹಚ್ಚಿ. ಕಲೆಗೆ ಮಾತ್ರ ಹಚ್ಚಿದರೆ ಅಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ. ಅರ್ಧ ಗಂಟೆಯ ನಂತರ ಮೂರು ಸಲ ನೀರಿನಿಂದ ತೊಳೆಯಿರಿ, ಎರಡು ದಿನ ನೆರಳಲ್ಲಿ ಆರಿಸಿ. ಇದು ವಿಷ. ಕೈಗವಸು, ಕನ್ನಡಕ ಬೇಕು. ಒಣಗಿದ ಬಿಳಿ ಹರಳನ್ನು ತೊಳೆಯದೆ ಉಜ್ಜಿದರೆ ಮೂಗು-ಗಂಟಲು ಉರಿಯುತ್ತದೆ. ತೋರಣಕ್ಕೆ ಹೊಡೆದ ಕಬ್ಬಿಣದ ಮೊಳೆ ತೆಗೆದು ಹಿತ್ತಾಳೆಯ ಕೊಕ್ಕೆ ಹಾಕಿದರೆ ಮಸಿ ಮತ್ತೆ ಬರುವುದಿಲ್ಲ.

ಚೌಕಟ್ಟಿಗೆ ಒರಲಿ ಹತ್ಯದ. ಮ್ಯಾಲೆ ಪಾಲಿಶ್ ಮಾಡಿಬಿಡ್ಲೇನು?

ಮುಚ್ಚಿದ ಹುಣ್ಣು ಒಳಗೇ ಬೆಳೆಯುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ನೆಲದ ಹತ್ತಿರ ಚುಚ್ಚುತ್ತಾ ಬನ್ನಿ. ಸುಲಭಕ್ಕೆ ಒಳಹೋದರೆ ಅಷ್ಟು ಭಾಗವನ್ನು ಬಡಿಗೇರರಿಂದ ಕತ್ತರಿಸಿ ಬೇರೆ ಕಟ್ಟಿಗೆ ಕೂಡಿಸಬೇಕು. ಒರಲೆ (ಗೆದ್ದಲು) ಬರುವುದು ನೆಲದಿಂದ, ಆದ್ದರಿಂದ ಮದ್ದು ಮೊದಲು ಗೋಡೆ-ನೆಲದ ಸಂದಿಗೆ. ಸಣ್ಣ ದುಂಡು ತೂತು, ಕೆಳಗೆ ಗೋಧಿಹಿಟ್ಟಿನಂಥ ಪುಡಿ ಇದ್ದರೆ ಅದು ಒರಲೆಯಲ್ಲ, ಕೊರೆಯುವ ಹುಳು. ಸಾಗವಾನಿಯ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ, ಕೆಂಪು ತಿರುಳಿಗೆ ಬಹುತೇಕ ಹೋಗುವುದಿಲ್ಲ. ಮದ್ದನ್ನು ಸಿರಿಂಜಿನಿಂದ ತೂತಿಗೆ ಬಿಟ್ಟು ಮೇಣದಿಂದ ಮುಚ್ಚಿ.

ಬಿರುಕಿಗೆ ಕಟ್ಟಿಗಿ ಪುಡಿ, ಅಂಟು ಕಲಸಿ ತುಂಬಿದ್ರ ನಡೀತದಾ?

ಎರಡು ಮಿಲಿಮೀಟರ್‌ಗಿಂತ ಸಣ್ಣದಕ್ಕೆ ನಡೆಯುತ್ತದೆ. ದೊಡ್ಡದಕ್ಕೆ ಅದೇ ಜಾತಿಯ ಕಟ್ಟಿಗೆಯ ತೆಳು ಚಕ್ಕೆ ಕೂರಿಸಿ. ಮೇ ತಿಂಗಳಲ್ಲಿ ಬಿರುಕು ಅತಿ ಅಗಲವಾಗಿರುತ್ತದೆ. ಆಗ ಗಟ್ಟಿ ತುಂಬಿದರೆ ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಅದನ್ನು ಹೊರದೂಡುತ್ತದೆ. ಪ್ಯಾನೆಲ್ ಸುತ್ತಲಿನ ಪಟ್ಟಿಯಲ್ಲಿ ಕೊರೆದ ತೋಡಿನೊಳಗೆ ಸಡಿಲವಾಗಿ ಕೂತಿರುವುದು ದೋಷವಲ್ಲ, ಬೇಕೆಂದೇ ಬಿಟ್ಟದ್ದು. ಆ ಸಂದಿಗೆ ಅಂಟು ತುಂಬಿದರೆ ಮುಂದಿನ ಬೇಸಿಗೆಗೆ ಪ್ಯಾನೆಲ್ ನಡುವೆಯೇ ಸೀಳುತ್ತದೆ.

ನಮ್ಮಲ್ಲೇ ಸಿಗೋ ಅಗಸಿ ಎಣ್ಣಿ ಹಚ್ಚಿದ್ರ ಆಗಂಗಿಲ್ಲೇನು?

ಒಳಗಿನ ಕಂಬಕ್ಕೆ, ಜೋಕಾಲಿಗೆ ಆಗುತ್ತದೆ. ಬಿಸಿಲು ಬೀಳುವ ಬಾಗಿಲಿಗೆ ಸಾಲದು. ಗಾಣದ ಹಸಿ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಹಿಡಿಯುತ್ತದೆ, ಅಷ್ಟರೊಳಗೆ ಊರ ಧೂಳೆಲ್ಲ ಅಂಟಿರುತ್ತದೆ. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯಿಲ್ಡ್ ಎಣ್ಣೆ ಒಂದು-ಎರಡು ದಿನಕ್ಕೆ ಒಣಗುತ್ತದೆ. ಎಣ್ಣೆಗೆ ಅರ್ಧದಷ್ಟು ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚಿ, 20 ನಿಮಿಷಕ್ಕೆ ಉಳಿದದ್ದನ್ನು ಪೂರ್ತಿ ಒರೆಸಿ.

ಕುಸುಬೆ ಎಣ್ಣೆಯೂ ನಿಧಾನಕ್ಕೆ ಒಣಗುವ ಜಾತಿಯದೇ. ಶೇಂಗಾ ಎಣ್ಣೆ, ಔಡಲೆಣ್ಣೆ ಒಣಗುವುದೇ ಇಲ್ಲ, ವರ್ಷವಾದರೂ ಕೈಗೆ ಅಂಟುತ್ತವೆ. ಅವುಗಳ ಮೇಲೆ ಮುಂದೆ ಯಾವ ಪಾಲಿಶೂ ಕೂರುವುದಿಲ್ಲ.

ಇದನ್ನು ಮಾತ್ರ ಮರೆಯಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆಮಾಡಿ ಮೂಲೆಗೆ ಎಸೆದರೆ ತಾನೇ ಕಾದು ಬೆಂಕಿ ಹತ್ತಿಕೊಳ್ಳುತ್ತದೆ. ಕಡ್ಡಿ ಗೀರಬೇಕಿಲ್ಲ, ಎಣ್ಣೆ ಒಣಗುವಾಗ ಹೊರಡುವ ಕಾವೇ ಸಾಕು. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಹೊರಗೆ ಫರ್ಸಿಯ ಮೇಲೆ ಹರವಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಹಂಗಾರ ಹೊರಗಿನ ಬಾಗಿಲಿಗೆ ಯಾವ್ದು ಹಚ್ಚಬೇಕು?

ಹೊರಗೆ ಎಂದು ಡಬ್ಬಿಯ ಮೇಲೆ ಬರೆದ, ನೇರಳಾತೀತ ತಡೆ ಇರುವ ಪಿಯು, ಕ್ಲಿಯರ್ ಅಲ್ಲ, ವಾಲ್ನಟ್ ಅಥವಾ ಸಾಗವಾನಿ ಬಣ್ಣದ ಛಾಯೆ ಇದ್ದದ್ದು. ಆ ಬಣ್ಣದ ಕಣವೇ ಬಿಸಿಲಿಗೆ ಕೊಡೆ. ಪೂರ್ತಿ ಹೊಳಪಿನದಕ್ಕಿಂತ ಮ್ಯಾಟ್ (ಹೊಳಪಿಲ್ಲದ್ದು) ಅಥವಾ ಸ್ಯಾಟಿನ್ (ಅರೆ ಹೊಳಪಿನದು) ವಾಸಿ, ಧೂಳು-ಗೀರು ಕಡಿಮೆ ಕಾಣುತ್ತವೆ. ಮೊದಲ ಸಲ ಕೈ ಹಾಕುವವರು ಒಂದೇ ಡಬ್ಬಿಯ ಪಿಯು ತಗೊಳ್ಳಿ. ಎರಡು ಡಬ್ಬಿ ಬೆರೆಸುವುದು ಹೆಚ್ಚು ಗಟ್ಟಿ, ಆದರೆ ಬೆರೆಸಿದ ಮೇಲೆ ಗಡಿಯಾರ ಓಡುತ್ತದೆ. ಡಬ್ಬಿಯ ಮೇಲಿನ ಸಮಯ ತಂಪು ಹವೆಯದು, 40 ಡಿಗ್ರಿಯಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಅದನ್ನು ಸ್ಪ್ರೇ ಮಾಡುವಾಗಿನ ಮಂಜು ಉಸಿರಾಟಕ್ಕೆ ಅಪಾಯ, ಬಟ್ಟೆ ಕಟ್ಟಿಕೊಂಡರೆ ತಡೆಯುವುದಿಲ್ಲ.

ಚಪಡಾ ಒಳಬಾಗಿಲಿಗೆ, ದೇವರ ಕೋಣೆಗೆ ಚೆಂದ. ಹೊರಗೆ ಒಂದು ಮಳೆಗೆ ಬೆಳ್ಳಗಾಗುತ್ತದೆ. ಮೆಲಮೈನ್ ಕೂಡ ಒಳಗಿನ ಮಾಲು. ಇನ್ನೊಂದು: ಖರ್ಚು ಉಳಿಸಲು ಪಿಯು ಅಡಿಗೆ ಎನ್‌ಸಿ ಸೀಲರ್ ಹಚ್ಚುವವರಿದ್ದಾರೆ. ಅದು ಪೆಡಸು, ಬಿಸಿಲಿಗೆ ಮೊಸಳೆ ಚರ್ಮದಂತೆ ಬಿರಿದು ಮೇಲಿನ ಒಳ್ಳೆಯ ಪದರವನ್ನೂ ಕರೆದುಕೊಂಡು ಹೋಗುತ್ತದೆ. ಪಿಯುಗೆ ಪಿಯು ಸೀಲರನ್ನೇ ಕೇಳಿ.

ಹಚ್ಚೋ ಕ್ರಮ ಹೇಳ್ರಿ.

ಬಾಗಿಲು ಬಿಚ್ಚಿ ಬಡಿಗೇರರ ಎರಡು ಕುದುರೆಗಳ (ಕಟ್ಟಿಗೆಯ ಆಸರೆ ಸ್ಟ್ಯಾಂಡ್) ಮೇಲೆ ಮಲಗಿಸಿ, ಇಳಿಜಾರು ಸೋರಿಕೆ ತಪ್ಪುತ್ತದೆ. ಥಿನ್ನರ್ ಬಟ್ಟೆಯಿಂದ ಒರೆಸಿ ಸಾಗವಾನಿಯ ಎಣ್ಣೆಯಂಶ ತೆಗೆಯಿರಿ, ಬಟ್ಟೆ ಹಳದಿಯಾಗುವುದು ಕಾಣುತ್ತದೆ. 15 ನಿಮಿಷ ಬಿಟ್ಟು ಮೊದಲ ಕೋಟ್‌ಗೆ ಕೈಹಾಕಿ, ನಾಳೆಗೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಮೊದಲ ಕೋಟ್‌ಗೆ ನೂರಕ್ಕೆ ಹತ್ತು ಭಾಗ ಥಿನ್ನರ್. ಡಬ್ಬಿಯನ್ನು ಕುಲುಕಬೇಡಿ, ಗುಳ್ಳೆ ಆಗುತ್ತವೆ, ಕೋಲಿನಿಂದ ನಿಧಾನ ತಿರುಗಿಸಿ. ಮೊದಲು ಕೆತ್ತನೆ ಮತ್ತು ಪ್ಯಾನೆಲ್, ಆಮೇಲೆ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ. ಹಚ್ಚಿದ ಜಾಗಕ್ಕೆ ಐದು ನಿಮಿಷದ ಮೇಲೆ ಬ್ರಷ್ ಹಿಂದಿರುಗಬಾರದು. ಡಬ್ಬಿ ಹೇಳಿದಷ್ಟು ಹೊತ್ತು ಒಣಗಲು ಬಿಟ್ಟು, 220ರಿಂದ ಹಗುರ ಉಜ್ಜಿ, ಒರೆಸಿ ಮುಂದಿನ ಕೋಟ್. ಮೂರು ತೆಳು ಕೋಟ್, ಒಂದು ದಪ್ಪ ಕೋಟಲ್ಲ.

ಬಾಗಿಲಿನ ತಲೆ ಮತ್ತು ಬುಡದ ಅಂಚು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಎಲ್ಲರೂ ಬಿಡುತ್ತಾರೆ. ಎಳೆಯ ಬಾಯಿ ತೆರೆದಿರುವುದು ಅಲ್ಲೇ, ಪಡಸಾಲೆ ತೊಳೆದ ನೀರು ಅಲ್ಲಿಂದಲೇ ಏರುತ್ತದೆ. ಬುಡದಿಂದ ಅರ್ಧ ಅಡಿ ಎತ್ತರಕ್ಕೆ ಮಾತ್ರ ಸಿಪ್ಪೆ ಎದ್ದ ಬಾಗಿಲು ಕಂಡರೆ ಕಾರಣ ಇದೇ. ಆ ಎರಡು ಅಂಚಿಗೆ ಒಂದು ಕೋಟ್ ಹೆಚ್ಚಿಗೇ ಹಾಕಿ.

ಕೈಗೆ ಒಣಗಿದೆ ಎನಿಸಿದರೂ ಒಳಗೆ ಗಟ್ಟಿಯಾಗಲು ಏಳು ದಿನ ಬೇಕು. ಅಲ್ಲಿವರೆಗೆ ಹೊಸ್ತಿಲಿಗೆ ಅರಿಶಿನ-ಕುಂಕುಮ ಇಡದೆ, ಪಕ್ಕದ ಫರ್ಸಿಯ ಮೇಲೆ ರಂಗೋಲಿ ಹಾಕಿ ಪೂಜೆ ಸಾಗಿಸಿ.

ಬಾಗಿಲ ಬಿಗಿ ಹಿಡಿತದ. ಪಾಲಿಶಿಗೆ ಮುಂಚೆ ರಂಧಾ ಹೊಡಿಸಬೇಕಾ?

ಮೊದಲು ಚೌಕಟ್ಟಿನ ಎರಡು ಕರ್ಣ ಅಳೆಯಿರಿ. ಎರಡೂ ಸಮವಿದ್ದು ಮಳೆಗಾಲದಲ್ಲಷ್ಟೇ ಬಿಗಿದರೆ ಕಟ್ಟಿಗೆ ಉಬ್ಬಿದೆ, ಅಂಚಿಗೆ ಪದರ ಬಿದ್ದರೆ ಬಹುಮಟ್ಟಿಗೆ ನಿಲ್ಲುತ್ತದೆ. ಕರ್ಣಗಳಲ್ಲಿ ಅರ್ಧ ಇಂಚು ವ್ಯತ್ಯಾಸವಿದ್ದರೆ ಕದಲಿದ್ದು ಮನೆ. ಎರೆಮಣ್ಣು ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತದೆ, ಅದರ ಮೇಲಿನ ಗೋಡೆ, ಚೌಕಟ್ಟು ಜೊತೆಗೇ ಹೊರಳುತ್ತವೆ. ಆಗ ರಂಧಾ ಹೊಡೆದು ಅಂಚು ಹೆರೆದರೆ ಮುಂದಿನ ಹಂಗಾಮಿಗೆ ಬೆಳಕು ಕಾಣುವಷ್ಟು ಸಂದಿ ಬೀಳುತ್ತದೆ.

ಮಾಳಗಿ ಮ್ಯಾಲಿನ ಡೆಕ್ ಬೂದು ಬಣ್ಣಕ್ಕ ತಿರುಗ್ಯದ. ಅದಕ್ಕೂ ಪಿಯು ಹಚ್ಚಲೇನು?

ಇಲ್ಲ. ಮಲಗಿದ ಹಲಗೆಯ ಮೇಲೆ ನೀರು ನಿಲ್ಲುತ್ತದೆ, ಬಿಸಿಲು ನೆತ್ತಿಯಿಂದ ಬಡಿಯುತ್ತದೆ, ಮೇಲೆ ಕಾಲು ಓಡಾಡುತ್ತದೆ. ಪದರ ಕಟ್ಟುವ ಯಾವ ಮಾಲೂ ಅಲ್ಲಿ ಒಂದು ಬೇಸಿಗೆ ದಾಟುವುದು ಕಷ್ಟ. ಹೀರಿಕೊಳ್ಳುವ, ಬಣ್ಣದ ಕಣವಿರುವ ಡೆಕ್ ಆಯಿಲ್ ಹಚ್ಚಿ. ಅದು ಸಿಪ್ಪೆ ಏಳುವುದಿಲ್ಲ, ಮಾಸುತ್ತದೆ ಅಷ್ಟೆ.

ನಿಮ್ಮದು ಪ್ಲಾಸ್ಟಿಕ್ ಬೆರೆತ ಹಲಗೆಯಾಗಿದ್ದರೆ ಈ ಕೆಲಸ ಬೇಕಿಲ್ಲ, ಸಾಬೂನು ನೀರು ಸಾಕು. ನಿಜವಾದ ಕಟ್ಟಿಗೆಯಾದರೆ ಮೊದಲು ಹಲಗೆಗಳ ನಡುವಿನ 3-5 ಮಿಲಿಮೀಟರ್ ಸಂದಿಯ ಧೂಳನ್ನು ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ತೆಗೆಯಿರಿ. ಕೊಳೆತ ಶುರುವಾಗುವುದು ಆ ಹಸಿ ಮಣ್ಣಿನಿಂದ. ಎದ್ದ ಸ್ಕ್ರೂಗಳನ್ನು ಮೇಲ್ಮೈಗಿಂತ ಎರಡು ಮಿಲಿಮೀಟರ್ ಕೆಳಗಿಳಿಸಿ, ಇಲ್ಲದಿದ್ದರೆ ಉಜ್ಜುವ ಡಿಸ್ಕ್ ಹರಿಯುತ್ತದೆ. ತುಕ್ಕು ಹಿಡಿದದ್ದಕ್ಕೆ ಸ್ಟೇನ್‌ಲೆಸ್ ಹಾಕಿ. ನೀರಿನಿಂದ ತೊಳೆದು ಎರಡು-ಮೂರು ದಿನ ಆರಿಸಿ. 60, ನಂತರ 80ಕ್ಕೆ ಉಜ್ಜಿ ಅಲ್ಲಿಗೇ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಎಣ್ಣೆ ಒಳಗಿಳಿಯುವುದಿಲ್ಲ, ಮಳೆಗೆ ಕಾಲೂ ಜಾರುತ್ತದೆ. ಹಸಿರು ಛಾಯೆಯ ಸಂಸ್ಕರಿಸಿದ ಪೈನ್ ಆದರೆ ಅದರಲ್ಲಿ ಆರ್ಸೆನಿಕ್ ಇರಬಹುದು: ಮಾಸ್ಕ್ ಕಡ್ಡಾಯ, ಚೂರನ್ನು ಸುಡುವಂತಿಲ್ಲ.

10 × 12 ಅಡಿ ಡೆಕ್ಕಿಗೆ ಒಣಗಿದ ಕಟ್ಟಿಗೆ ಮೊದಲ ಸಲ ಎರಡು ಲೀಟರ್‌ವರೆಗೆ ಕುಡಿಯುತ್ತದೆ, ಎರಡನೆಯದಕ್ಕೆ ಒಂದೂಕಾಲು ಲೀಟರ್ ಸಾಕು. ಎರಡು-ಮೂರು ಹಲಗೆಗಳನ್ನು ಹಿಡಿದು ಈ ತುದಿಯಿಂದ ಆ ತುದಿಗೆ ಮುಗಿಸಿ. ನಡುವೆ ನಿಲ್ಲಿಸಿದರೆ ಎರಡು ಬಣ್ಣದ ಗಡಿ ಉಳಿಯುತ್ತದೆ. ಕಾಲು ಗಂಟೆಗೆ ಹೀರದ ಎಣ್ಣೆ ಒರೆಸಿ, ಬಿಟ್ಟರೆ ಜೇನಿನಂತೆ ಅಂಟುತ್ತದೆ. ಮೆಟ್ಟಿಲ ಕಡೆಗೆ ಬರುತ್ತಾ ಹಚ್ಚಿ. ಇದು ನಗುವ ಮಾತಲ್ಲ, ಮೂಲೆಯಲ್ಲಿ ಸಿಕ್ಕಿಬಿದ್ದು ಕೂಗುವವರು ವರ್ಷಕ್ಕೊಬ್ಬರಾದರೂ ಇರುತ್ತಾರೆ.

ಮತ್ತ ಯಾವಾಗ ಮಾಡಬೇಕಾಗ್ತದ?

ಡೆಕ್ಕಿಗೆ ಪ್ರತಿ ವರ್ಷ ಮಳೆ ಮುಗಿದ ಮೇಲೆ ಒಂದು ಕೈ ಎಣ್ಣೆ. ಪಡುವಣದ ಬಾಗಿಲಿಗೆ ಎರಡು ವರ್ಷಕ್ಕೊಮ್ಮೆ 220ರಿಂದ ಹಗುರ ಉಜ್ಜಿ ಒಂದು ಕೋಟ್, ನೆರಳಿನ ಬಾಗಿಲಿಗೆ ನಾಲ್ಕೈದು ವರ್ಷ ತಡೆಯುತ್ತದೆ. ದೀಪಾವಳಿ ಸುಣ್ಣ-ಬಣ್ಣದ ಸಮಯಕ್ಕೆ ನೀರಿನ ಹನಿ ಪರೀಕ್ಷೆ ಮಾಡಿ. ಹನಿ ಇನ್ನೂ ನಿಲ್ಲುತ್ತಿದ್ದು ಹೊಳಪು ಮಾತ್ರ ಇಳಿದಿದ್ದರೆ ಅದೇ ಸರಿಯಾದ ಹೊತ್ತು, ಅರ್ಧ ದಿನದ ಕೆಲಸ. ಹೀರಲು ಶುರುವಾದ ಮೇಲೆ ಕೈಹಾಕಿದರೆ ಮತ್ತೆ 80ರ ಕಾಗದದಿಂದಲೇ ಆರಂಭ.